ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿಯೇ?



ಕೆಲವು ವರ್ಷಗಳ ಹಿಂದೆ ಆಯುಧಗಳ ವಿಜ್ಞಾನ ಕುರಿತ ಮಾತುಕತೆಯೊಂದನ್ನು ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಿಸುತ್ತಿದ್ದೆವು. ಅತಿಥಿಯಾಗಿ ಬಂದಿದ್ದವರು ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರು. ಅನುಮತಿ ಪಡೆದು ತಂದಿದ್ದ ಹಳೆಯ ಪುಟ್ಟ ಪಿಸ್ತೂಲೊಂದನ್ನು ಮೇಜಿನ ಮೇಲಿಟ್ಟು, ಅದರ ಹಿಡಿಯೊಳಗಿದ್ದ ಮ್ಯಾಗಜೀನನ್ನು ಹೊರಗೆಳೆದರು. “ಈಗ ಇದು ಖಾಲಿ ಅಲ್ಲವೇ?” ಎಂದು ಕೇಳಿದರು. ಕ್ಯಾಮೆರಾದವರು, ದೀಪದವರು, ಭೌತಶಾಸ್ತ್ರ ಓದಿದ ನಾನು, ಎಲ್ಲರೂ ಹೌದೆಂದು ತಲೆಯಾಡಿಸಿದೆವು. ಅವರು ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದರು. ಒಳಗಿನಿಂದ ಒಂದು ತೋಟಾ ಹಾರಿ ನೆಲದ ಮೇಲೆ ಟಣ್ಣೆಂದು ಬಿತ್ತು. ಅದು ಮದ್ದಿಲ್ಲದ ಪ್ರದರ್ಶನದ ತೋಟಾ. ಆದರೂ ಸ್ಟುಡಿಯೋದಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

“ಹೀಗೆಯೇ ಹೌದು ಅಂದವರನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ ಸಾರ್” ಎಂದರು ಆ ಹಿರಿಯರು.

ಸಿನಿಮಾಗಳಲ್ಲಿ ಪಿಸ್ತೂಲನ್ನು ದಿನವೂ ನೋಡುತ್ತೇವೆ. ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ಇಟ್ಟುಕೊಳ್ಳುವುದೆಂದರೆ, ಜೊತೆಯಲ್ಲಿ ಒಯ್ಯುವುದೆಂದರೆ ಏನು ಎಂಬುದು ಮಾತ್ರ ನಮಗೆ ತಿಳಿದಿರುವುದಿಲ್ಲ. ಪ್ರಸಿದ್ಧವಾದ ಒಂದು ಪಿಸ್ತೂಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ನೋಡೋಣ.

ವಾಲ್ಟರ್ ಪಿಪಿಕೆ

ಜರ್ಮನಿಯ ಕಾರ್ಲ್ ವಾಲ್ಟರ್ ಕಂಪನಿ 1929ರಲ್ಲಿ ಪೊಲೀಸರಿಗಾಗಿ ‘ಪಿಪಿ’ ಎಂಬ ಪಿಸ್ತೂಲನ್ನು ಹೊರತಂದಿತು. ಮಫ್ತಿಯಲ್ಲಿ ತಿರುಗುವ ಪತ್ತೇದಾರರು ಕೋಟಿನೊಳಗೆ ಇಟ್ಟುಕೊಳ್ಳಲು ಅನುಕೂಲವಾಗುವಂತೆ ಅದನ್ನೇ ಇನ್ನಷ್ಟು ಚಿಕ್ಕದಾಗಿಸಿ 1930ರ ದಶಕದ ಆರಂಭದಲ್ಲಿ ‘ಪಿಪಿಕೆ’ಯನ್ನು ತಯಾರಿಸಿತು. ಇದರ ಉದ್ದ ಸುಮಾರು 15.5 ಸೆಂಟಿಮೀಟರು, ಎಂದರೆ ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲಿನಷ್ಟು. ಉಕ್ಕಿನ ಚೌಕಟ್ಟಿನ ಪಿಸ್ತೂಲಿನ ತೂಕ 600 ಗ್ರಾಮಿಗೆ ಸ್ವಲ್ಪ ಕಡಿಮೆ. ಅಲ್ಯುಮಿನಿಯಂ ಮಿಶ್ರಲೋಹದ ಹಗುರ ಚೌಕಟ್ಟಿನ ಪಿಪಿಕೆಗಳೂ ಬಂದವು. 7.65 ಮಿಲಿಮೀಟರಿನ, ಅಂದರೆ ನಮ್ಮಲ್ಲಿ ‘ಪಾಯಿಂಟ್ 32’ ಎನ್ನುವ ಅಳತೆಯ, ಏಳು ತೋಟಾಗಳು ಇದರ ಮ್ಯಾಗಜೀನಿನಲ್ಲಿ ಹಿಡಿಯುತ್ತವೆ. ಇಯಾನ್ ಫ್ಲೆಮಿಂಗ್ 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಜೇಮ್ಸ್ ಬಾಂಡನ ಕೈಗೆ ಇದನ್ನು ಕೊಟ್ಟ ಮೇಲೆ ಇದರ ಹೆಸರು ಲೋಕದ ಬಾಯಲ್ಲಿ ನಿಂತಿತು.

ಒಂದು ಗುಂಡು, ಎರಡು ಕೆಲಸ

ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಓದಿದ್ದೀರಿ. ಈ ಪಿಸ್ತೂಲು ನಡೆಯುವುದು ಅದರ ಬಲದಿಂದಲೇ. ಟ್ರಿಗರನ್ನು ಎಳೆದಾಗ ಸುತ್ತಿಗೆಯಂಥ ಬಿಡಿಭಾಗವೊಂದು ಸೂಜಿಗೆ ಬಡಿಯುತ್ತದೆ, ಸೂಜಿ ತೋಟಾದ ತಳವನ್ನು ಕುಟ್ಟುತ್ತದೆ, ಒಳಗಿನ ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಖಾಲಿ ತೋಟಾವನ್ನು ಹಿಂದಕ್ಕೂ ತಳ್ಳುತ್ತದೆ. ತೋಟಾದ ಹಿಂದೆ ಇರುವುದು ಪಿಸ್ತೂಲಿನ ಮೇಲ್ಭಾಗದ ಭಾರವಾದ ಲೋಹದ ಹೊದಿಕೆ. ಇದಕ್ಕೆ ‘ಸ್ಲೈಡ್’ ಎಂದು ಹೆಸರು. ಗುಂಡು ಹಗುರ, ಸ್ಲೈಡ್ ಭಾರ. ಆದ್ದರಿಂದ ಗುಂಡು ನಳಿಗೆಯನ್ನು ಬಿಟ್ಟು ಹೊರಟುಹೋಗುವಷ್ಟರಲ್ಲಿ ಸ್ಲೈಡ್ ಇನ್ನೂ ಅಲ್ಪ ದೂರವಷ್ಟೇ ಸರಿದಿರುತ್ತದೆ. ನಂತರ ಅದು ಪೂರ್ತಿ ಹಿಂದೆ ಹೋಗಿ ಖಾಲಿ ತೋಟಾವನ್ನು ಹೊರಕ್ಕೆಸೆಯುತ್ತದೆ, ಸುತ್ತಿಗೆಯನ್ನು ಮತ್ತೆ ಹಿಂದಕ್ಕೆ ಬಾಗಿಸುತ್ತದೆ. ನಳಿಗೆಯ ಸುತ್ತ ಇರುವ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ದೂಡುತ್ತದೆ. ಹಾಗೆ ಬರುವಾಗ ಅದು ಮ್ಯಾಗಜೀನಿನಿಂದ ಹೊಸ ತೋಟಾವನ್ನು ತಳ್ಳಿಕೊಂಡು ಬಂದು ನಳಿಗೆಯ ಬುಡದ ಗೂಡಿನಲ್ಲಿ, ಅಂದರೆ ಚೇಂಬರಿನಲ್ಲಿ, ಕೂರಿಸುತ್ತದೆ.

ಇದೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಮುಂದಿನ ಗುಂಡು ಹಾರಬೇಕಾದರೆ ಟ್ರಿಗರನ್ನು ಬಿಟ್ಟು ಮತ್ತೊಮ್ಮೆ ಎಳೆಯಲೇಬೇಕು. ‘ಅರೆಸ್ವಯಂಚಾಲಿತ’ ಎಂಬ ಹೆಸರು ಬಂದದ್ದು ಇದರಿಂದ.

ಈಗ ಸ್ಟುಡಿಯೋದ ಪ್ರಶ್ನೆಗೆ ಉತ್ತರ ನಿಮಗೇ ಹೊಳೆದಿರಬೇಕು. ಚೇಂಬರಿಗೆ ಒಮ್ಮೆ ಹೋದ ತೋಟಾಕ್ಕೂ ಮ್ಯಾಗಜೀನಿಗೂ ಸಂಬಂಧ ಕಡಿದುಹೋಗಿರುತ್ತದೆ. ಮ್ಯಾಗಜೀನು ತೆಗೆದರೂ ಅದು ಅಲ್ಲಿಯೇ ಕುಳಿತಿರುತ್ತದೆ. 7.65 ಮಿಲಿಮೀಟರಿನ ಪಿಪಿಕೆಯಲ್ಲಿ, ಚೇಂಬರಿನಲ್ಲಿ ತೋಟಾ ಇದ್ದರೆ ಸ್ಲೈಡಿನ ಹಿಂಬದಿಯಲ್ಲಿ ಒಂದು ಸಣ್ಣ ಕಡ್ಡಿ ಹೊರಚಾಚುವ ಏರ್ಪಾಡಿದೆ. ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು ಮಾಡಿದ್ದು ಅದು. ಆದರೆ ಇಂಥ ಗುರುತು ಎಲ್ಲ ಪಿಸ್ತೂಲುಗಳಲ್ಲಿ ಇರುವುದಿಲ್ಲ, ಇದ್ದರೂ ಅದನ್ನು ಮಾತ್ರ ನಂಬಿ ತಿಳಿದವರು ಆಯುಧವನ್ನು ಮುಟ್ಟುವುದಿಲ್ಲ.

ಸ್ವಲ್ಪ ಲೆಕ್ಕ

ಈ ತೋಟಾದ ಗುಂಡಿನ ತೂಕ ಸುಮಾರು 4.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 300 ಮೀಟರು. ಅದರ ಚಲನಶಕ್ತಿ ಸುಮಾರು 207 ಜೂಲ್. ಇಪ್ಪತ್ತು ಕಿಲೋ ಅಕ್ಕಿಯ ಮೂಟೆಯನ್ನು ಒಂದು ಮೀಟರು ಎತ್ತಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ. ಹಾಗಾದರೆ ಇಷ್ಟು ಅನಾಹುತ ಏಕೆ? ಈ ಶಕ್ತಿಯೆಲ್ಲ ಒಂದು ಸೆಂಟಿಮೀಟರಿಗಿಂತ ಕಡಿಮೆ ಅಗಲದ ಜಾಗದಲ್ಲಿ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲದಲ್ಲಿ ಮೈಯೊಳಗೆ ಇಳಿಯುತ್ತದೆ.

ಹಗುರ ಚೌಕಟ್ಟಿನ ಲಾಭನಷ್ಟವನ್ನೂ ಇದೇ ಲೆಕ್ಕ ಹೇಳುತ್ತದೆ. ಗುಂಡಿನ ಸಂವೇಗಕ್ಕೆ ಸಮನಾದ ಸಂವೇಗ ಪಿಸ್ತೂಲಿಗೂ ಬರಬೇಕು. 600 ಗ್ರಾಮಿನ ಪಿಸ್ತೂಲು ಸೆಕೆಂಡಿಗೆ 2.3 ಮೀಟರು ವೇಗದಲ್ಲಿ ಹಿಂದಕ್ಕೆ ಒದ್ದರೆ, 480 ಗ್ರಾಮಿನದು 2.9 ಮೀಟರು ವೇಗದಲ್ಲಿ ಒದೆಯುತ್ತದೆ. ಜೇಬಿಗೆ ಹಗುರವಾದದ್ದು ಕೈಗೆ ಒರಟಾಗುತ್ತದೆ. ಅಲ್ಯುಮಿನಿಯಂ ಉಕ್ಕಿಗಿಂತ ಮೆದು. ಆದ್ದರಿಂದ ಉಕ್ಕಿನ ಸ್ಲೈಡ್ ಓಡಾಡುವ ಅಂಚುಗಳು ವರ್ಷಗಳು ಕಳೆದಂತೆ ಸವೆಯುತ್ತವೆ.

ಹಳೆಯದಾದಾಗ

ಸ್ಪ್ರಿಂಗಿನ ಬಿಗಿ ಸಡಿಲವಾಗುತ್ತದೆ. ಮ್ಯಾಗಜೀನಿನ ಬಾಯಿ ಸ್ವಲ್ಪ ಬಾಗಿದರೂ ತೋಟಾ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಬೆವರು, ಮಳೆಗಾಲದ ತೇವ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಯಂತ್ರ ಬೇಕಾದಾಗ ನಡೆಯದೆ ಹೋಗಬಹುದು, ಬೇಡವಾದಾಗ ನಡೆಯಲೂಬಹುದು.

ಮೊದಲನೆಯದಕ್ಕೆ ಲಂಡನ್ನಿನ ಒಂದು ಘಟನೆ ಸಾಕ್ಷಿ. 1974ರ ಮಾರ್ಚ್ 20ರ ರಾತ್ರಿ ರಾಜಕುಮಾರಿ ಆನ್ ಅವರ ಕಾರನ್ನು ಅಡ್ಡಗಟ್ಟಿದ ಬಂದೂಕುಧಾರಿಯೊಬ್ಬ ಅವರನ್ನು ಅಪಹರಿಸಲು ಯತ್ನಿಸಿದ. ಅಂಗರಕ್ಷಕ ಜೇಮ್ಸ್ ಬೀಟನ್ ಅವರ ಕೈಯಲ್ಲಿದ್ದುದು ವಾಲ್ಟರ್ ಪಿಪಿಕೆ. ಗುಂಡು ಹಾರಿಸಿದ ಮೇಲೆ ಪಿಸ್ತೂಲು ಸಿಕ್ಕಿಕೊಂಡಿತು. ಬೀಟನ್ ಮೂರು ಗುಂಡೇಟು ತಿಂದರು. ನಾಲ್ವರು ಗಾಯಗೊಂಡರು. ದಾಳಿಕೋರನ ತಲೆಗೆ ಗುದ್ದಿ ನೆರವಾದವರಲ್ಲಿ ಒಬ್ಬರು, ಬರಿಗೈಯಲ್ಲಿದ್ದ ಮಾಜಿ ಬಾಕ್ಸರ್, ಆ ದಾರಿಯಲ್ಲಿ ಹೋಗುತ್ತಿದ್ದವರು! ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಬೀಟನ್ ಅವರಿಗೆ ಜಾರ್ಜ್ ಕ್ರಾಸ್ ಪದಕ ಸಂದಿತು. ಅಂಗರಕ್ಷಕರ ಪಿಸ್ತೂಲನ್ನು ಬದಲಿಸಲಾಯಿತು.

ಎರಡನೆಯದಕ್ಕೆ 2009ರ ಉದಾಹರಣೆ ಇದೆ. ಅಮೆರಿಕದಲ್ಲಿ ಪಿಪಿಕೆ ತಯಾರಿಸುತ್ತಿದ್ದ ಸ್ಮಿತ್ ಅಂಡ್ ವೆಸನ್ ಕಂಪನಿ, 2002ರಿಂದ ಮಾಡಿದ ಪಿಸ್ತೂಲುಗಳನ್ನು ಆ ವರ್ಷ ವಾಪಸು ಕರೆಯಿತು. ಸುತ್ತಿಗೆಯನ್ನು ಕೆಳಗಿಳಿಸುವಾಗ, ಟ್ರಿಗರ್ ಎಳೆಯದೆಯೇ ಗುಂಡು ಹಾರುವ ಸಾಧ್ಯತೆ ಕಂಡುಬಂದಿತ್ತು. ‘ಸುರಕ್ಷತೆಯ ಗುಂಡಿ ಇದೆ, ಭಯವಿಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ದೇಶಕ್ಕೊಂದು ಕಾನೂನು

ಒಂದೇ ಪಿಸ್ತೂಲನ್ನು ಬೇರೆ ಬೇರೆ ದೇಶಗಳು ಹೇಗೆ ಕಂಡಿವೆ ನೋಡಿ. ಅಮೆರಿಕದ 1968ರ ಕಾನೂನು ತೀರ ಚಿಕ್ಕ ಪಿಸ್ತೂಲುಗಳ ಆಮದನ್ನು ತಡೆಯಿತು. ಪಿಪಿಕೆ ಆ ಅಳತೆಯಲ್ಲಿ ನಪಾಸಾಯಿತು. ಕಂಪನಿ ದೊಡ್ಡ ಪಿಪಿಯ ಚೌಕಟ್ಟಿಗೆ ಪಿಪಿಕೆಯ ಮೇಲ್ಭಾಗವನ್ನು ಜೋಡಿಸಿ ‘ಪಿಪಿಕೆ/ಎಸ್’ ಮಾಡಿ ಕಳಿಸಿತು! ಇಂದು ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ವಯಸ್ಕರು ಪರವಾನಗಿ ಇಲ್ಲದೆಯೇ ಪಿಸ್ತೂಲನ್ನು ಮರೆಯಾಗಿ ಒಯ್ಯಬಹುದು. ಬ್ರಿಟನ್ನಿನದು ಇದಕ್ಕೆ ತದ್ವಿರುದ್ಧ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿ ಗುಂಡಿಗೆ ಬಲಿಯಾದರು. ಕೊಲೆಗಾರನ ಪಿಸ್ತೂಲುಗಳಿಗೆ ಪರವಾನಗಿ ಇತ್ತು. ಮರುವರ್ಷವೇ ಅಲ್ಲಿ ಖಾಸಗಿಯವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ಬಹುಮಟ್ಟಿಗೆ ನಿಷೇಧಿಸಲಾಯಿತು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ. ಬಂದೂಕನ್ನು ಕೊಳ್ಳಲು, ಇಟ್ಟುಕೊಳ್ಳಲು, ಒಯ್ಯಲು ಲೈಸೆನ್ಸ್ ಬೇಕು. ಅದು ಹಕ್ಕಲ್ಲ, ಕಾರಣ ನೋಡಿ ಕೊಡುವ ಅನುಮತಿ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 9 ಮಿಲಿಮೀಟರಿನ ಪಿಸ್ತೂಲು ‘ನಿಷೇಧಿತ’ ವರ್ಗಕ್ಕೆ ಸೇರಿದ್ದು. ಪಾಯಿಂಟ್ 32 ಆ ವರ್ಗಕ್ಕೆ ಸೇರದ ಕಾರಣ ಲೈಸೆನ್ಸ್ ಇದ್ದವರ ಬಳಿ ಹೆಚ್ಚಾಗಿ ಕಾಣುವುದು ಅದೇ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡು ಬಂದೂಕು ಮಾತ್ರ ಇಟ್ಟುಕೊಳ್ಳಬಹುದು. ಲೈಸೆನ್ಸಿಲ್ಲದೆ ಪಾಯಿಂಟ್ 32 ಪಿಸ್ತೂಲು ಇಟ್ಟುಕೊಂಡರೂ 2ರಿಂದ 5 ವರ್ಷ ಸೆರೆವಾಸ, ಜೊತೆಗೆ ದಂಡ. ಮದುವೆ ಮೆರವಣಿಗೆಯಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಝಳಪಿಸುವಂತಿಲ್ಲ. ಅದು ಚೀಲದಲ್ಲಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು.

ಕೊಡಗಿನ ಓದುಗರು ಇಲ್ಲಿ ಕೈ ಎತ್ತಬಹುದು. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಕಾನೂನು ವಿನಾಯಿತಿ ಕೊಡಬಹುದು. ಭೌತಶಾಸ್ತ್ರ ಯಾರಿಗೂ ಕೊಡುವುದಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ

ಪಿಸ್ತೂಲಿನ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ದೀರ್ಘ. ಅದು ಕೈಯಿಂದ ಕೈಗೆ ಸಾಗುತ್ತಲೇ ಇರುತ್ತದೆ. 1948ರ ಜನವರಿ 30ರಂದು ಗಾಂಧೀಜಿಯವರ ಮೇಲೆ ಮೂರು ಗುಂಡು ಹಾರಿಸಿದ್ದು ಕೂಡ ಇಂಥದೇ ಚಿಕ್ಕ ಉಕ್ಕಿನ ಪಿಸ್ತೂಲು, ಇಟಲಿಯ 1934ರ ಮಾದರಿಯ ಬೆರೆಟ್ಟಾ. ಕೊಲೆಗೆ ಎರಡು ದಿನ ಮುಂಚೆಯಷ್ಟೇ ಅದು ಗ್ವಾಲಿಯರಿನಲ್ಲಿ ಲೈಸೆನ್ಸಿಲ್ಲದೆ ಕೈ ಬದಲಾಯಿಸಿತ್ತು.

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಲೈಸೆನ್ಸು ಮಕ್ಕಳದಾಗುವುದಿಲ್ಲ. ಪಿಸ್ತೂಲನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ಬೇಕಿದ್ದವರು ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಹಳೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ನಿಮಗೇ ಅಂಥದ್ದು ಕಂಡರೆ ಏನು ಮಾಡಬೇಕು? ಮುಟ್ಟಬೇಡಿ. ಸ್ನೇಹಿತರನ್ನು ಕರೆದು ತೋರಿಸಬೇಡಿ. ಚಿಕ್ಕವರನ್ನು ದೂರ ಕಳಿಸಿ ದೊಡ್ಡವರಿಗೆ ತಿಳಿಸಿ. ಠಾಣೆಗೆ ಸುದ್ದಿ ಮುಟ್ಟಿಸುವುದು ಅವರ ಕೆಲಸ.

ಚಿತ್ರೀಕರಣ ಮುಗಿದ ಮೇಲೆ ಆ ಹಿರಿಯರು ಪಿಸ್ತೂಲನ್ನು ಪೆಟ್ಟಿಗೆಗೆ ಸೇರಿಸುವ ಮುನ್ನ ಮತ್ತೆ ಸ್ಲೈಡ್ ಎಳೆದು ಚೇಂಬರನ್ನು ಕಣ್ಣಿಂದ ನೋಡಿದರು, ಕಿರುಬೆರಳು ತೂರಿಸಿಯೂ ನೋಡಿದರು. “ಈಗ ತಾನೇ ನೋಡಿದಿರಲ್ಲ?” ಎಂದೆ. “ಆಗ ನೋಡಿದ್ದು ಆಗಿನದು ಸಾರ್” ಎಂದರು.

ಯೋಚಿಸಿ, ಚರ್ಚಿಸಿ

1. ಗುಂಡಿನ ವೇಗ ಇಮ್ಮಡಿಯಾದರೆ ಚಲನಶಕ್ತಿ ಎಷ್ಟು ಪಟ್ಟು ಹೆಚ್ಚುತ್ತದೆ?
2. ಸ್ಲೈಡ್ ಗುಂಡಿನಷ್ಟೇ ಹಗುರವಾಗಿದ್ದರೆ ಪಿಸ್ತೂಲು ಹಿಡಿದವರಿಗೆ ಏನಾಗುತ್ತಿತ್ತು?
3. ಆಯುಧ ಇಟ್ಟುಕೊಳ್ಳುವುದು ಹಕ್ಕಾಗಬೇಕೇ, ಅನುಮತಿಯಾಗಿರಬೇಕೇ? ತರಗತಿಯಲ್ಲಿ ಎರಡೂ ಕಡೆಯ ವಾದ ಮಂಡಿಸಿ.