ಮೊಟ್ಟೆಯಾದ ನಕ್ಷತ್ರ

ರಾತ್ರಿಯೆಲ್ಲ ಕಾದು ತೆಗೆದ ಮಹಾವ್ಯಾಧ ನೀಹಾರಿಕೆಯ ಚಿತ್ರವನ್ನು ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದಾಗ ಮೊದಲು ಕಣ್ಣು ತುಂಬುವುದು ನಡುವಿನ ಗುಲಾಬಿ ಮೋಡ. ಚಿತ್ರವನ್ನು ಹಿಗ್ಗಿಸಿ ಮೂಲೆಗಳತ್ತ ಹೋದರೆ ಆ ಸಂತೋಷ ಇಳಿಯುತ್ತದೆ. ಸೂಜಿಮೊನೆಯ ಹಾಗಿರಬೇಕಿದ್ದ ನಕ್ಷತ್ರಗಳು ಮೊಟ್ಟೆಯ ಹಾಗೆ ಉದ್ದವಾಗಿವೆ. ಹಿನ್ನೆಲೆಯಲ್ಲಿ ಉದ್ದಿನ ವಡೆಯ ಆಕಾರದ ಮಸುಕು ಉಂಗುರಗಳಿವೆ. ಒಂದು ಅಂಚು ಕಂದು, ಎದುರಿನ ಅಂಚು ಹಸಿರು. ಇಂಥ ಹೊತ್ತಿನಲ್ಲಿ ಹವ್ಯಾಸಿಯ ಕೈ ಸಾಮಾನ್ಯವಾಗಿ ಎರಡು ಕಡೆಗೆ ಹೋಗುತ್ತದೆ: ತಿದ್ದುವ ಸಾಫ್ಟ್‌ವೇರ್ ಕಡೆಗೆ, ಇಲ್ಲವೇ ಇನ್ನೂ ದುಬಾರಿಯಾದ ಉಪಕರಣದ ಕಡೆಗೆ. ಎರಡೂ ಅವಸರದ ಕೆಲಸ ಎಂಬುದು ಈ ಲೇಖನದ ವಾದ. ಚಿತ್ರದಲ್ಲಿ ಕಾಣುವ ಪ್ರತಿ ದೋಷವೂ ತನ್ನನ್ನು ಹುಟ್ಟಿಸಿದ ಕಾರಣದ ಅಚ್ಚನ್ನು ಹೊತ್ತಿರುತ್ತದೆ. ಅದರ ಆಕಾರ ಏನು, ಯಾವ ದಿಕ್ಕಿಗೆ ಎಳೆದಿದೆ, ಚಿತ್ರದ ಯಾವ ಭಾಗದಲ್ಲಿದೆ, ರಾತ್ರಿಯ ಯಾವ ಹೊತ್ತಿನಲ್ಲಿ ಶುರುವಾಯಿತು ಎಂದು ತಾಳ್ಮೆಯಿಂದ ಕೇಳಿದರೆ ತಪ್ಪು ಎಲ್ಲಿದೆ ಎಂಬುದನ್ನು ಚಿತ್ರವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಮೊದಲೇ ಒರೆಸಿಬಿಟ್ಟರೆ ಸಾಕ್ಷಿ ಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಮೊಟ್ಟೆಯಾದ ನಕ್ಷತ್ರವನ್ನೇ ತೆಗೆದುಕೊಳ್ಳೋಣ. ಭೂಮಿ ತನ್ನ ಅಕ್ಷದ ಮೇಲೆ ಸುತ್ತುವುದರಿಂದ ಆಕಾಶವು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಆರ್ಕ್‌ಸೆಕೆಂಡ್. 400 ಮಿಲಿಮೀಟರ್ ಫೋಕಲ್ ಲೆಂತ್ ಇರುವ ಸಣ್ಣ ಟೆಲಿಸ್ಕೋಪಿಗೆ 3.76 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾ ಜೋಡಿಸಿದರೆ ಒಂದು ಪಿಕ್ಸೆಲ್ ಆಕಾಶದ ಎರಡು ಆರ್ಕ್‌ಸೆಕೆಂಡಿನಷ್ಟು ಜಾಗವನ್ನು ನೋಡುತ್ತದೆ. ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ತಿರುಗದಿದ್ದರೆ ನಕ್ಷತ್ರ ಒಂದೇ ಸೆಕೆಂಡಿನಲ್ಲಿ ಏಳೆಂಟು ಪಿಕ್ಸೆಲ್ ದಾಟಿಬಿಡುತ್ತದೆ. ಮೌಂಟ್ ಎಷ್ಟು ನಯವಾಗಿ ಆಕಾಶವನ್ನು ಹಿಂಬಾಲಿಸಬೇಕು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ನಕ್ಷತ್ರ ಉದ್ದವಾದದ್ದಕ್ಕೆಲ್ಲ ಮೌಂಟನ್ನೇ ದೂರಬೇಕಿಲ್ಲ. ಪರೀಕ್ಷೆ ಸುಲಭ. ಅದೇ ಜಾಗದ ಎರಡು ಸೆಕೆಂಡಿನ ಚಿತ್ರವೊಂದನ್ನು ತೆಗೆಯಿರಿ. ಅದರಲ್ಲಿ ನಕ್ಷತ್ರಗಳು ದುಂಡಾಗಿದ್ದು ಮೂರು ನಿಮಿಷದ ಚಿತ್ರದಲ್ಲಿ ಮಾತ್ರ ಉದ್ದವಾಗಿದ್ದರೆ ತಪ್ಪು ಚಲನೆಯದು. ಎರಡು ಸೆಕೆಂಡಿನಲ್ಲೂ ಉದ್ದವಾಗಿದ್ದರೆ ತಪ್ಪು ಗಾಜಿನದು, ಇಲ್ಲವೇ ಗಾಜಿಗೂ ಕ್ಯಾಮೆರಾಕ್ಕೂ ನಡುವಿನ ಜೋಡಣೆಯದು. ಇಡೀ ಚಿತ್ರದಲ್ಲಿ ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ ಎಳೆದಿದ್ದರೆ ಹಿಂಬಾಲಿಕೆ ಎಡವಿದೆ. ನಡುವೆ ದುಂಡಗಿದ್ದು ನಾಲ್ಕೂ ಮೂಲೆಗಳಲ್ಲಿ ಕೇಂದ್ರದಿಂದ ಹೊರಕ್ಕೆ ಚಿಮ್ಮಿದಂತಿದ್ದರೆ, ಅಂಚಿನವರೆಗೂ ಫೋಕಸ್ ಸಮವಾಗಿಸುವ ಫೀಲ್ಡ್ ಫ್ಲಾಟ್‌ನರ್ ಮಸೂರಕ್ಕೂ ಸೆನ್ಸರಿಗೂ ಇರಬೇಕಾದ ಅಂತರ ತಪ್ಪಿದೆ. ಅನೇಕ ಫ್ಲಾಟ್‌ನರ್‌ಗಳಿಗೆ ಅದು 55 ಮಿಲಿಮೀಟರ್, ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಮೂಲೆಗಳು ಕೆಡುತ್ತವೆ. ಒಂದೇ ಮಗ್ಗುಲು ಕೆಟ್ಟಿದ್ದರೆ ಏನೋ ಓರೆಯಾಗಿದೆ. ಏನು ಎಂದು ತಿಳಿಯಲು ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಮತ್ತೊಂದು ಚಿತ್ರ ತೆಗೆಯಬೇಕು. ದೋಷ ಚಿತ್ರದ ಅದೇ ಮಗ್ಗುಲಲ್ಲಿ ಉಳಿದರೆ ಓರೆ ಕ್ಯಾಮೆರಾದಲ್ಲಿದೆ, ಬೇರೆ ಮಗ್ಗುಲಿಗೆ ಹೋದರೆ ಟೆಲಿಸ್ಕೋಪಿನಲ್ಲಿದೆ. ಐದು ನಿಮಿಷದ ಈ ಕೆಲಸ ಒಂದು ಹೊಸ ಟೆಲಿಸ್ಕೋಪಿನ ಖರ್ಚನ್ನೇ ಉಳಿಸಬಹುದು.

ಚಲನೆಯ ತಪ್ಪು ಎಂದು ಖಚಿತವಾದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿರಬೇಕು, ಅದಕ್ಕಾಗಿ ಧ್ರುವ ನಕ್ಷತ್ರವನ್ನು ಗುರಿಯಿಡುತ್ತಾರೆ. ಧ್ರುವ ನಕ್ಷತ್ರ ಇರುವುದು ನಿಜವಾದ ಧ್ರುವದಿಂದ ಸುಮಾರು 0.6 ಡಿಗ್ರಿ ಆಚೆಗೆ, ಅಂದರೆ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತಲೂ ಹೆಚ್ಚು ದೂರದಲ್ಲಿ. ಅದನ್ನೇ ಧ್ರುವವೆಂದುಕೊಂಡು ಮೌಂಟ್ ನಿಲ್ಲಿಸಿದರೆ ನಕ್ಷತ್ರಗಳು ನಿಮಿಷಕ್ಕೆ ಹತ್ತು ಆರ್ಕ್‌ಸೆಕೆಂಡಿನವರೆಗೂ ಜಾರಬಹುದು. ಮೇಲಿನ ಜೋಡಣೆಯಲ್ಲಿ ಅದು ನಿಮಿಷಕ್ಕೆ ಐದು ಪಿಕ್ಸೆಲ್. ಕರ್ನಾಟಕದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಒಂದು ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಡಿಗ್ರಿ ಎತ್ತರದಲ್ಲಿ ಅಲ್ಲಿ ಧ್ರುವ ನಕ್ಷತ್ರ ಕಾಣುತ್ತದೆ. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮಾತ್ರ, ಬೀದರಿನಲ್ಲಿ 18ರ ಹತ್ತಿರ. ಒಂದು ತೆಂಗಿನ ಮರ, ಎದುರು ಮನೆಯ ನೀರಿನ ಟ್ಯಾಂಕು, ಊರಂಚಿನ ಧೂಳು, ಯಾವುದು ಬೇಕಾದರೂ ಅದನ್ನು ಮರೆಮಾಡೀತು. ಯುರೋಪು, ಅಮೆರಿಕದವರು ಬರೆದ ಕೈಪಿಡಿಗಳಲ್ಲಿ ಧ್ರುವ ನಕ್ಷತ್ರ ತಲೆಯೆತ್ತಿ ನೋಡುವಷ್ಟು ಮೇಲಿರುತ್ತದೆ, ಹಾಗಾಗಿ ಈ ಸಮಸ್ಯೆಗೆ ಅಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಡ್ರಿಫ್ಟ್ ವಿಧಾನ. ದಕ್ಷಿಣೋತ್ತರ ರೇಖೆಯ ಬಳಿ, ಖಗೋಳ ವಿಷುವದ್ವೃತ್ತದ ಹತ್ತಿರವಿರುವ ನಕ್ಷತ್ರವೊಂದನ್ನು ಕೆಲವು ನಿಮಿಷ ಗಮನಿಸಿ ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತಿದ್ದರೆ ಮೌಂಟ್ ಎಡಬಲಕ್ಕೆ ತಪ್ಪಿದೆ. ಪೂರ್ವ ಅಥವಾ ಪಶ್ಚಿಮದಲ್ಲಿ ಕೆಳಗಿರುವ ನಕ್ಷತ್ರ ಹಾಗೆ ಜಾರಿದರೆ ಮೇಲೆಕೆಳಗೆ ತಪ್ಪಿದೆ. ಧ್ರುವ ನಕ್ಷತ್ರ ಕಾಣಲೇಬೇಕಿಲ್ಲ. ಇಲ್ಲೂ ಕೆಲಸ ಮಾಡುತ್ತಿರುವುದು ಅದೇ ಸೂತ್ರ: ತಪ್ಪು ತನ್ನ ದಿಕ್ಕನ್ನು ತಾನೇ ತೋರಿಸುತ್ತದೆ.

ಇನ್ನು ಕೆಲವು ದೋಷಗಳನ್ನು ಓದಲು ಗಡಿಯಾರ ಬೇಕು. ಸಂಜೆ ಎಂಟಕ್ಕೆ ತೆಗೆದ ಚಿತ್ರ ಚೂಪಾಗಿದ್ದು ರಾತ್ರಿ ಒಂದರ ಚಿತ್ರದಲ್ಲಿ ನಕ್ಷತ್ರಗಳು ದುಂಡಗೇ ಉಳಿದು ದಪ್ಪವಾಗಿದ್ದರೆ ಫೋಕಸ್ ಸರಿದಿದೆ. ಎಫ್/5 ಟೆಲಿಸ್ಕೋಪಿನಲ್ಲಿ, ಅಂದರೆ ಫೋಕಲ್ ಲೆಂತ್ ಅದರ ಬಾಯಿಯ ಅಗಲದ ಐದು ಪಟ್ಟು ಇರುವಲ್ಲಿ, ಸರಿಯಾದ ಫೋಕಸ್ ಇರುವ ವಲಯದ ಆಳ ಸುಮಾರು 65 ಮೈಕ್ರಾನ್, ಒಂದು ತಲೆಗೂದಲಿನ ದಪ್ಪ. ಅರ್ಧ ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ ಐದು ಡಿಗ್ರಿ ತಣ್ಣಗಾದರೆ 57 ಮೈಕ್ರಾನಿನಷ್ಟು ಕುಗ್ಗುತ್ತದೆ. ಡಿಸೆಂಬರಿನ ಬಯಲುಸೀಮೆಯಲ್ಲಿ ಸಂಜೆಯಿಂದ ನಡುರಾತ್ರಿಯೊಳಗೆ ಐದು ಡಿಗ್ರಿ ಇಳಿಯುವುದು ಏನೂ ಅಪರೂಪವಲ್ಲ. ಯಾರೂ ಮುಟ್ಟದೆ, ಯಾವ ಸ್ಕ್ರೂ ಸಡಿಲವಾಗದೆ ಫೋಕಸ್ ಕೆಡುವುದು ಹೀಗೆ. ಮಸೂರ ಕೆಟ್ಟಿತು ಎಂದು ರಿಪೇರಿಗೆ ಒಯ್ಯುವ ಬದಲು ಗಂಟೆಗೊಮ್ಮೆ ಬಾಹ್ಟಿನೋವ್ ಮಾಸ್ಕ್ ಹಾಕಿ ನೋಡಿದರೆ ಸಾಕು. 2005ರಲ್ಲಿ ರಷ್ಯಾದ ಹವ್ಯಾಸಿ ಪಾವೆಲ್ ಬಾಹ್ಟಿನೋವ್ ರೂಪಿಸಿದ ಈ ಸೀಳುಗಳಿರುವ ತಟ್ಟೆಯನ್ನು ಟೆಲಿಸ್ಕೋಪಿನ ಬಾಯಿಗೆ ಇಟ್ಟಾಗ ನಕ್ಷತ್ರದಿಂದ ಮೂರು ಗೆರೆಗಳು ಹೊಮ್ಮುತ್ತವೆ, ನಡುಗೆರೆ ಉಳಿದೆರಡರ ಸರಿಮಧ್ಯ ಬಂದಾಗ ಫೋಕಸ್ ಕೂತಿದೆ ಎಂದರ್ಥ. ಫೋಕಸ್ ಸರಿಯಿದ್ದೂ ನಕ್ಷತ್ರಗಳ ಸುತ್ತ ಮಂಜಿನಂಥ ಪ್ರಭೆ ನಿಧಾನವಾಗಿ ಬೆಳೆಯುತ್ತ ಹೋದರೆ ಮಸೂರದ ಮೇಲೆ ಇಬ್ಬನಿ ಕೂತಿದೆ. ಅದನ್ನು ಬಟ್ಟೆಯಿಂದ ಒರೆಸಿದರೆ ಗಾಜಿಗೆ ಗೀರು ಬೀಳುವ ಭಯ, ಸಣ್ಣಗೆ ಬೆಚ್ಚಗಿಡುವ ಪಟ್ಟಿ ಸುತ್ತುವುದೇ ಸರಿ.

ಉದ್ದಿನ ವಡೆಯಂಥ ಉಂಗುರಗಳ ಲೆಕ್ಕ ಇನ್ನೂ ಸೊಗಸು. ಅವು ಧೂಳಿನ ಕಣಗಳ ನೆರಳು. ಕಣ ಸೆನ್ಸರಿನಿಂದ ದೂರವಿದ್ದಷ್ಟೂ ನೆರಳು ಹಿಗ್ಗುತ್ತದೆ. ಉಂಗುರದ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆದು, ಪಿಕ್ಸೆಲ್ ಗಾತ್ರದಿಂದಲೂ ಟೆಲಿಸ್ಕೋಪಿನ ಎಫ್ ಸಂಖ್ಯೆಯಿಂದಲೂ ಗುಣಿಸಿದರೆ ಕಣ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಮೇಲೆ ಹೇಳಿದ 3.76 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾದಲ್ಲಿ ಉಂಗುರ 100 ಪಿಕ್ಸೆಲ್ ಅಗಲವಿದ್ದರೆ ಎಫ್/5ರಲ್ಲಿ ದೂರ ಎರಡು ಮಿಲಿಮೀಟರಿಗೂ ಕಡಿಮೆ: ಧೂಳು ಸೆನ್ಸರಿನ ಗಾಜಿನ ಮೇಲೆಯೇ ಇದೆ. 1000 ಪಿಕ್ಸೆಲ್ ಇದ್ದರೆ ಸುಮಾರು 19 ಮಿಲಿಮೀಟರ್: ಫಿಲ್ಟರನ್ನು ನೋಡಬೇಕು. ಕುರುಡಾಗಿ ಎಲ್ಲ ಗಾಜುಗಳನ್ನೂ ಉಜ್ಜಿ ಒಂದನ್ನು ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಉಳಿದ ಕಣಗಳ ನೆರಳನ್ನು ಕಳೆಯಲು ಫ್ಲಾಟ್ ಫ್ರೇಮ್‌ಗಳಿವೆ. ಕ್ಯಾಮೆರಾ ಕಳಚದೆ, ಫೋಕಸ್ ಕದಲಿಸದೆ, ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಮುಸ್ಸಂಜೆಯ ಅಥವಾ ಮುಂಜಾವಿನ ಸಮ ಬೆಳಕಿನಲ್ಲಿ ಇವನ್ನು ತೆಗೆಯಬೇಕು. ಕ್ಯಾಮೆರಾ ಸ್ವಲ್ಪ ತಿರುಗಿದ್ದರೂ ಹಳೆಯ ನೆರಳು ಹೋಗದೆ ಪಕ್ಕದಲ್ಲಿ ಬಿಳಿಯ ಉಂಗುರವೊಂದು ಹೊಸದಾಗಿ ಹುಟ್ಟುತ್ತದೆ. ಜೋಡಿ ಉಂಗುರ ಕಂಡರೆ ಅದೇ ಕಾರಣ. ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಫ್ರೇಮ್‌ಗಳದ್ದೂ ಇದೇ ಕಟ್ಟುನಿಟ್ಟು. ಸೆನ್ಸರಿನ ಬಿಸಿಯಿಂದ ಹುಟ್ಟುವ ಸಂಕೇತ ಸುಮಾರು ಆರೇಳು ಡಿಗ್ರಿಗೊಮ್ಮೆ ಇಮ್ಮಡಿಯಾಗುವುದರಿಂದ ಜನವರಿಯ ಡಾರ್ಕ್ ಏಪ್ರಿಲ್‌ನ ಚಿತ್ರಕ್ಕೆ ಹೊಂದುವುದಿಲ್ಲ. ಎಲ್ಲವನ್ನೂ ಸೇರಿಸಿದ ಮೇಲೂ ಓರೆ ಮಳೆಯಂತೆ ಗೆರೆಗಳು ಉಳಿದರೆ, ಸೆನ್ಸರಿನ ಸ್ಥಿರ ಕಲೆಗಳು ಚಿತ್ರದಿಂದ ಚಿತ್ರಕ್ಕೆ ಒಂದೇ ದಿಕ್ಕಿನಲ್ಲಿ ಜಾರುತ್ತ ಹೋಗಿವೆ ಎಂದು ತಿಳಿಯಬೇಕು. ಪ್ರತಿ ಚಿತ್ರದ ನಡುವೆ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವ ಡಿದರಿಂಗ್ ಇದಕ್ಕೆ ಮದ್ದು.

ಇಷ್ಟೆಲ್ಲ ಯಾಕೆ, ಈಗ ಒಂದು ಗುಂಡಿ ಒತ್ತಿದರೆ ಮೊಟ್ಟೆಯನ್ನು ದುಂಡಗೆ ಮಾಡುವ ಸಾಫ್ಟ್‌ವೇರ್ ಇದೆಯಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಇದಕ್ಕೆ ಉತ್ತರವನ್ನು ಹಬಲ್ ದೂರದರ್ಶಕದ ಕಥೆಯಲ್ಲಿ ಹುಡುಕಬಹುದು. 1990ರ ಏಪ್ರಿಲ್‌ನಲ್ಲಿ ಕಕ್ಷೆ ಸೇರಿದ ಹಬಲ್‌ನ 2.4 ಮೀಟರ್ ಕನ್ನಡಿಯ ಅಂಚು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ನಕ್ಷತ್ರಗಳ ಸುತ್ತ ಬೆಳಕು ಚೆಲ್ಲಿಹೋಯಿತು. ಮೂರು ವರ್ಷ ವಿಜ್ಞಾನಿಗಳು ಗಣಿತದಿಂದ ಆ ಚಿತ್ರಗಳನ್ನು ತಿದ್ದಿದರು. ಗ್ರಹಗಳಂಥ ಬೆಳಗುವ ಕಾಯಗಳ ವಿಷಯದಲ್ಲಿ ಅದು ಗೆದ್ದಿತು, ಮಸುಕಾದ ದೂರದ ಗೆಲಾಕ್ಸಿಗಳ ವಿಷಯದಲ್ಲಿ ಸೋತಿತು, ಏಕೆಂದರೆ ಚದುರಿಹೋದ ಅಲ್ಪ ಬೆಳಕು ನಾಯ್ಸ್‌ನಲ್ಲಿ, ಅಂದರೆ ಚಿತ್ರದ ಅಡ್ಡಾದಿಡ್ಡಿ ಏರಿಳಿತಗಳಲ್ಲಿ, ಮುಳುಗಿತ್ತು. ಕೊನೆಗೆ ಪರಿಹಾರ ಸಿಕ್ಕಿದ್ದು ದೋಷವನ್ನು ಓದಿದ್ದರಿಂದ. ಕೆಟ್ಟ ನಕ್ಷತ್ರಗಳ ಆಕಾರದಿಂದಲೇ ಕನ್ನಡಿಯ ತಪ್ಪನ್ನು ಲೆಕ್ಕ ಹಾಕಿದರು. ಕನ್ನಡಿಯನ್ನು ಉಜ್ಜುವಾಗ ಅಳತೆಗೆ ಬಳಸಿದ ಸಾಧನ ಕಾರ್ಖಾನೆಯಲ್ಲಿ ಬಿಚ್ಚದೆ ಹಾಗೇ ಉಳಿದಿತ್ತು. ಅದರೊಳಗಿನ ಒಂದು ಮಸೂರ 1.3 ಮಿಲಿಮೀಟರ್ ತಪ್ಪಾದ ಜಾಗದಲ್ಲಿ ಕೂತಿದ್ದು ಗೊತ್ತಾಯಿತು. ತಪ್ಪು ಎಷ್ಟು ಎಂದು ಖಚಿತವಾದ್ದರಿಂದಲೇ 1993ರ ಡಿಸೆಂಬರಿನಲ್ಲಿ ಅದಕ್ಕೆ ಸರಿಯಾಗಿ ವಿರುದ್ಧವಾದ ಆಕಾರದ ಕನ್ನಡಿಗಳನ್ನು ಗಗನಯಾತ್ರಿಗಳು ಜೋಡಿಸಿ ಬಂದರು. ಕನ್ನಡಿ ತಯಾರಾಗುವಾಗಲೇ ಬೇರೆ ಪರೀಕ್ಷೆಗಳು ದೋಷ ತೋರಿಸಿದ್ದವು, ಅವು ಅಷ್ಟು ನಿಖರವಲ್ಲ ಎಂದು ಬದಿಗಿಡಲಾಗಿತ್ತು ಎಂಬುದು ಈ ಕಥೆಯ ನೋವಿನ ಭಾಗ.

ಹವ್ಯಾಸಿಯ ಮೇಜಿನ ಮೇಲೂ ಇದೇ ಮಿತಿ ಇದೆ. ಸಂಸ್ಕರಣೆ ಸಂಗ್ರಹಿಸಿದ ಬೆಳಕನ್ನು ಬಿಡಿಸಿ ತೋರಿಸಬಲ್ಲದು, ಸಂಗ್ರಹಿಸದ ಬೆಳಕನ್ನು ತರಲಾರದು. ಒಂದೇ ದೃಶ್ಯದ 16 ಚಿತ್ರಗಳನ್ನು ಪೇರಿಸಿದರೆ ನಾಯ್ಸ್ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಅದನ್ನು ಇನ್ನೂ ಅರ್ಧಕ್ಕಿಳಿಸಲು 64 ಚಿತ್ರ ಬೇಕು. ಈ ವರ್ಗಮೂಲದ ಲೆಕ್ಕಕ್ಕೆ ಅಡ್ಡದಾರಿಯಿಲ್ಲ. ಅಡ್ಡದಾರಿ ಹಿಡಿದರೆ ಅದರ ಗುರುತೂ ಚಿತ್ರದಲ್ಲಿ ಬೀಳುತ್ತದೆ: ಅತಿಯಾಗಿ ಚೂಪು ಮಾಡಿದರೆ ನಕ್ಷತ್ರಗಳ ಸುತ್ತ ಕಪ್ಪು ಬಳೆ, ನಾಯ್ಸ್ ಅತಿಯಾಗಿ ಅಳಿಸಿದರೆ ನೀಹಾರಿಕೆಗೆ ಪ್ಲಾಸ್ಟಿಕ್ ಹೊಳಪು, 8 ಬಿಟ್ ಜೆಪೆಗ್ ಕಡತವನ್ನು ಹಿಗ್ಗಿಸಿ ಬೆಳಗಿಸಿದರೆ ಆಕಾಶದಲ್ಲಿ ಮೆಟ್ಟಿಲು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 14 ಬಿಟ್‌ನ ರಾ ಕಡತದಲ್ಲಿ 16,384. ಇಡೀ ಚಿತ್ರಕ್ಕೆ ಹರಡುವ ಹಸಿರು ಛಾಯೆಗೂ ಕಾರಣ ಸರಳ, ಬಣ್ಣದ ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿನವು. ಕೃತಕ ಬುದ್ಧಿಮತ್ತೆಯ ಸಾಧನಗಳಲ್ಲಿ ಮಾತ್ರ ಗುರುತು ಅಷ್ಟು ಸುಲಭವಾಗಿ ಕಾಣುವುದಿಲ್ಲ, ಅಪಾಯ ಇರುವುದೂ ಅಲ್ಲೇ. ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಮೊಬೈಲಿನಲ್ಲಿ ತೆಗೆದಾಗ ಮೂಲದಲ್ಲಿಲ್ಲದ ಕುಳಿಗಳು ಮೂಡಿದ್ದು 2023ರಲ್ಲಿ ದೊಡ್ಡ ಚರ್ಚೆಯಾಯಿತು. ನಕ್ಷತ್ರವನ್ನು ಸ್ವಲ್ಪ ದುಂಡಗೆ ಮಾಡುವುದು ಬೇರೆ, ಇಲ್ಲದ್ದನ್ನು ಸೇರಿಸುವುದು ಬೇರೆ. ಕಾರಣಗಳನ್ನು ಮೊದಲೇ ಸರಿಪಡಿಸಿಕೊಂಡವರು ಈ ಸಾಧನಗಳನ್ನು ಕೊನೆಯ ಹದಕ್ಕೆ ಮಾತ್ರ ಬಳಸಿ ನಿಲ್ಲಿಸಬಲ್ಲರು.

ಬಿಡುವಿಲ್ಲ ಎಂಬುದು ಎರಡನೆಯ ಆಕ್ಷೇಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಉಳಿದ ತಿಂಗಳುಗಳಲ್ಲಿ ಅರ್ಧದಷ್ಟು ದಿನ ಬೆಳದಿಂಗಳು, ವಾರಾಂತ್ಯಕ್ಕೆ ಊರ ಹೊರಗೆ ಹೋದರೆ ಸಿಗುವುದು ನಾಲ್ಕಾರು ಗಂಟೆ. ಅದನ್ನು ಪರೀಕ್ಷೆಗೆ ಕಳೆಯುವುದೇ? ಈ ಸಂಕಟ ನ್ಯಾಯವಾದದ್ದು. ಆದರೆ ಮೇಲಿನ ಪರೀಕ್ಷೆಗಳಿಗೆ ಕತ್ತಲ ಆಕಾಶ ಬೇಕಿಲ್ಲ. ಓರೆ, ಅಂತರ, ಫೋಕಸ್, ಹಿಂಬಾಲಿಕೆ ಎಲ್ಲವನ್ನೂ ಹುಣ್ಣಿಮೆಯಂದು ನಗರದ ತಾರಸಿಯ ಮೇಲೇ ನೋಡಬಹುದು, ಪ್ರಕಾಶಮಾನವಾದ ಕೆಲವು ನಕ್ಷತ್ರಗಳು ಕಂಡರಾಯಿತು. ಸೆನ್ಸರನ್ನು ನಿಗದಿತ ಉಷ್ಣತೆಗೆ ತಂಪು ಮಾಡುವ ಕ್ಯಾಮೆರಾ ಇದ್ದರೆ ಡಾರ್ಕ್ ಫ್ರೇಮ್‌ಗಳನ್ನು ಮಳೆಗಾಲದ ರಾತ್ರಿಗಳಲ್ಲಿ ಮನೆಯೊಳಗೇ ತೆಗೆದಿಟ್ಟುಕೊಳ್ಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮ ಮಾತ್ರ ಬಿಡಬಾರದು. ಫೋಕಸ್, ಅಂತರ, ಸಮತೋಲ ಮೂರನ್ನೂ ಒಟ್ಟಿಗೆ ಬದಲಿಸಿ ಚಿತ್ರ ಸುಧಾರಿಸಿದರೂ ಯಾವುದು ಗುಣ ಮಾಡಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಾಟ.

ಕೊನೆಯ ಆಕ್ಷೇಪ ಹೆಚ್ಚು ಮೂಲಭೂತ. ಇದು ಹವ್ಯಾಸ, ಚಿತ್ರ ಚೆನ್ನಾಗಿ ಕಂಡರೆ ಸಾಕು, ಪ್ರಯೋಗಾಲಯದ ಶಿಸ್ತು ಯಾಕೆ ಎಂಬುದು. ಚೆಲುವಿಗಾಗಿ ತೆಗೆಯುವವರಿಗೆ ಆ ಸ್ವಾತಂತ್ರ್ಯ ಇದ್ದೇ ಇದೆ. ಆದರೂ 2023ರ ಜನವರಿಯಲ್ಲಿ ಪ್ರಕಟವಾದ ಒಂದು ಶೋಧವನ್ನು ನೆನೆಯಬೇಕು. ಆಂಡ್ರೊಮಿಡಾ ಗೆಲಾಕ್ಸಿ ಆಕಾಶದಲ್ಲೇ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಕಾಯಗಳಲ್ಲಿ ಒಂದು. ಅದರ ಪಕ್ಕದಲ್ಲಿ ಆಮ್ಲಜನಕದ ಬೆಳಕಿನ, ಒಂದೂವರೆ ಡಿಗ್ರಿ ಉದ್ದದ, ಅಂದರೆ ಮೂರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದದ ನೀಲಿ ಕಮಾನೊಂದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಂಡವರು ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಎಂಬ ಹವ್ಯಾಸಿಗಳು, ಸಣ್ಣ ಟೆಲಿಸ್ಕೋಪಿನಿಂದ. ಅಷ್ಟು ಮಸುಕಾದ ಕಲೆ ಗಾಜಿನೊಳಗಿನ ಪ್ರತಿಫಲನವೂ ಆಗಿರಬಹುದಿತ್ತು, ಕೆಟ್ಟ ಫ್ಲಾಟ್‌ನ ಉಳಿಕೆಯೂ ಆಗಿರಬಹುದಿತ್ತು. ಬೇರೆಯವರ ಬೇರೆ ಟೆಲಿಸ್ಕೋಪು, ಬೇರೆ ಕ್ಯಾಮೆರಾಗಳಲ್ಲೂ ಅದೇ ಜಾಗದಲ್ಲಿ ಅದೇ ಕಮಾನು ಕಾಣಿಸಿತು. ಹಿನ್ನೆಲೆಯ ಬಣ್ಣ ಸಮ ಮಾಡುವ ಗುಂಡಿಯನ್ನು ಯೋಚಿಸದೆ ಒತ್ತಿದ್ದರೆ ಅದು ಊರದೀಪದ ಮಬ್ಬಿನ ಜೊತೆಗೆ ಅಳಿಸಿಹೋಗುವಷ್ಟು ಮಸುಕಾಗಿತ್ತು.