ಗೂಢ ಪದಬಂಧಕ್ಕೆ ಒದಗುವ ಕನ್ನಡ

ಕನ್ನಡ ಪತ್ರಿಕೆಗಳಲ್ಲಿ ಬರುವ ಪದಬಂಧದ ಸುಳಿವುಗಳು ಬಹುಮಟ್ಟಿಗೆ ನೇರವಾದವು. ಸಮಾನಪದವನ್ನೋ ಪುರಾಣದ ಹೆಸರನ್ನೋ ನೆನಪಿನಿಂದ ಹೆಕ್ಕಿ ತುಂಬಿದರೆ ಚೌಕ ಭರ್ತಿಯಾಗುತ್ತದೆ. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧಗಳನ್ನು ರಚಿಸಿ ಈ ಪ್ರಕಾರವನ್ನು ಮನೆಮಾತಾಗಿಸಿದರು. ಇಂಗ್ಲಿಷಿನಲ್ಲಿ ಬೆಳೆದ ಗೂಢ ಪದಬಂಧದ ರೀತಿಯೇ ಬೇರೆ. ಅದರ ಸುಳಿವಿನ ಒಂದು ಭಾಗ ಉತ್ತರದ ಅರ್ಥವನ್ನು ಹೇಳಿದರೆ ಇನ್ನೊಂದು ಭಾಗ ಉತ್ತರದ ಅಕ್ಷರಗಳನ್ನು ಕಟ್ಟಿಕೊಡುತ್ತದೆ. ಇವೆರಡೂ ಎಲ್ಲಿ ಕೂಡಿವೆಯೆಂಬುದು ಕಾಣದಂತೆ, ಇಡೀ ವಾಕ್ಯ ಮೂರನೆಯದೇನನ್ನೋ ಹೇಳುತ್ತಿರುವಂತೆ ತೋರುತ್ತದೆ.

ಇಂಥ ಸುಳಿವು ಬರೆಯುವ ಸ್ಪರ್ಧೆಗೆ ಹೆಸರಾದದ್ದು ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆ. ಅಲ್ಲಿ 1939ರಿಂದ ‘ಜಿಮೆನೀಸ್’ ಎಂಬ ಹೆಸರಿನಲ್ಲಿ ಡೆರಿಕ್ ಮ್ಯಾಕ್‌ನಟ್, 1972ರಿಂದ ‘ಏಝೆಡ್’ ಎಂಬ ಹೆಸರಿನಲ್ಲಿ ಜೊನಾಥನ್ ಕ್ರೌದರ್ ಪದಬಂಧ ರಚಿಸಿದರು. ಸ್ಪರ್ಧೆಯ ಪದಬಂಧದಲ್ಲಿ ಒಂದು ಪದಕ್ಕೆ ಅರ್ಥವನ್ನಷ್ಟೇ ಕೊಟ್ಟಿರುತ್ತಾರೆ. ಓದುಗರು ಆ ಪದವನ್ನು ಕಂಡುಹಿಡಿದು, ಅದಕ್ಕೆ ತಮ್ಮದೇ ಗೂಢ ಸುಳಿವು ಬರೆದು ಕಳುಹಿಸಬೇಕು. ಮ್ಯಾಕ್‌ನಟ್ 1966ರಲ್ಲಿ ಪ್ರಕಟಿಸಿದ ಪುಸ್ತಕ ಈ ಕಲೆಗೆ ನಿಯಮಗಳನ್ನು ಹಾಕಿಕೊಟ್ಟಿತು. ದಾರಿ ತಪ್ಪಿಸಲು ರಚನಕಾರರಿಗೆ ಹಕ್ಕುಂಟು, ಆದರೆ ಸುಳಿವಿನ ಪ್ರತಿಯೊಂದು ಮಾತಿಗೂ ಲೆಕ್ಕ ಕೊಡುವ ಹೊಣೆಯೂ ಉಂಟು ಎಂಬುದು ಅದರ ತಿರುಳು.

ಈ ಕಟ್ಟುಪಾಡಿಗೆ ಕನ್ನಡ ಒಗ್ಗುವುದೇ ಎಂಬುದನ್ನು ತಿಪಟೂರು ಬಳಿಯ ಕಿಬ್ಬನಹಳ್ಳಿ ಕ್ರಾಸಿನ ಸುತ್ತಲ ತೆಂಗಿನ ಸೀಮೆಯ ಮಾತುಗಳಿಂದಲೇ ಪರೀಕ್ಷಿಸಬಹುದು. “ಅಟ್ಟದಲ್ಲಿ ಒಣಗಿದ್ದು ಸೊಕ್ಕಿನ ಶತ್ರು (3)” ಎಂಬ ಸುಳಿವಿನಲ್ಲಿ ಕಂಸದೊಳಗಿನ ಅಂಕಿ ಅಕ್ಷರಗಳ ಸಂಖ್ಯೆ. ಸೊಕ್ಕೆಂದರೆ ಕೊಬ್ಬು, ಶತ್ರುವೆಂದರೆ ಅರಿ. ಲೋಪಸಂಧಿಯಲ್ಲಿ ಉಕಾರ ಬಿದ್ದುಹೋಗಿ, ತಿಪಟೂರಿನ ಹರಾಜಿಗೆ ಬರುವ ಮುನ್ನ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗುವ ‘ಕೊಬ್ಬರಿ’ ಸಿಗುತ್ತದೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕೂಡಿಸುವುದನ್ನು ವೈಯಾಕರಣರು ಅರಿಸಮಾಸವೆಂದು ಆಕ್ಷೇಪಿಸುತ್ತಾರೆ. ಇಲ್ಲಂತೂ ಸಾಕ್ಷಾತ್ ಅರಿಯೇ ಬಂದು ಕುಳಿತಿದ್ದಾನೆ. ಇಂಗ್ಲಿಷಿನಲ್ಲಿ ಇಲ್ಲದ ಈ ಸಂಧಿಯ ಅನುಕೂಲವೇ ಕನ್ನಡ ಗೂಢ ಸುಳಿವಿನ ಮುಖ್ಯ ಬಂಡವಾಳವಾಗಬೇಕು.

ಏಕೆಂದರೆ ಇಂಗ್ಲಿಷಿನವರ ಮೆಚ್ಚಿನ ತಂತ್ರವಾದ ಅಕ್ಷರಪಲ್ಲಟ, ಅಂದರೆ ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವುದು, ಕನ್ನಡದಲ್ಲಿ ಅಷ್ಟಾಗಿ ಫಲಿಸದು. ಕಾಗುಣಿತದ ಗುರುತು ತನ್ನ ವ್ಯಂಜನವನ್ನು ಬಿಟ್ಟು ಅಲ್ಲಾಡುವುದಿಲ್ಲ, ಒತ್ತಕ್ಷರವೂ ಹಾಗೆಯೇ. ಆದರೂ ಅಪರೂಪಕ್ಕೊಮ್ಮೆ ಭಾಷೆಯೇ ಒಲಿದು ಬರುತ್ತದೆ. “ಮನ್ಮಥ ತಿರುಗಿ ನಿಂತರೆ ಅವನ ತಾಯಿ (2)” ಎಂಬಲ್ಲಿ ಮನ್ಮಥನ ಹೆಸರಾದ ‘ಮಾರ’ ತಿರುಗುಮುರುಗಾದರೆ ‘ರಮಾ’, ಅಂದರೆ ಲಕ್ಷ್ಮಿ. ಪುರಾಣದ ಪ್ರಕಾರ ಆಕೆಯೇ ಅವನ ತಾಯಿ. ಸೂತ್ರ ಮುಗಿಯುವಲ್ಲೇ ಉತ್ತರದ ಅರ್ಥವೂ ದೊರೆಯುವುದರಿಂದ ಒಂದು ಮಾತೂ ವ್ಯರ್ಥವಾಗಿಲ್ಲ.

ಕನ್ನಡಕ್ಕೆ ಒಗಟು ಹೊಸದಲ್ಲ. ಕನಕದಾಸರ ಮುಂಡಿಗೆಗಳು ಇಂದಿಗೂ ವ್ಯಾಖ್ಯಾನಕಾರರಿಗೆ ಕೆಲಸ ಕೊಡುತ್ತಿವೆ. ಆದರೆ ಮುಂಡಿಗೆಗೆ ಹಲವು ವ್ಯಾಖ್ಯಾನಗಳಿದ್ದರೆ ಅದು ಶೋಭೆ, ಗೂಢ ಸುಳಿವಿಗೆ ಎರಡು ಉತ್ತರಗಳಿದ್ದರೆ ಅದು ದೋಷ.

ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ತೊಡಕು, ಪದಕ್ಕೆ ಅಂಟಿಕೊಂಡು ಸುಳಿವಿನ ರಚನೆಯನ್ನು ಬಯಲುಮಾಡುವ ವಿಭಕ್ತಿ ಪ್ರತ್ಯಯಗಳದು. “ನಗರಿಯೊಳಗೆ ತೆಂಗಿನೆಲೆ (2)” ಎಂದರೆ ‘ನಗರಿ’ಯೊಳಗಿನ ‘ಗರಿ’ ಸುಲಭವಾಗಿ ಸಿಕ್ಕಿಬೀಳುತ್ತದೆ, ‘ಒಳಗೆ’ ಎಂಬ ಮಾತೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕಿಂತ “ತೆರಿಗೆ ಕಟ್ಟಿ ಟಗರಿನ ತಲೆ ತಂದರೆ ಉಳಿಯುವುದು ಚಿಪ್ಪು (3)” ಎಂಬುದು ಮೇಲು. ತೆರಿಗೆಯಾದ ‘ಕರ’ಕ್ಕೆ ಟಗರಿನ ಮೊದಲಕ್ಷರವನ್ನು ಕಟ್ಟಿದರೆ ‘ಕರಟ’; ಕಟ್ಟುವುದೆಂದರೆ ಹಣ ಪಾವತಿಸುವುದೂ ಹೌದು, ಜೋಡಿಸುವುದೂ ಹೌದು. ಕೈಗೆ ಚಿಪ್ಪು ಬಂತೆಂದು ದುಃಖಿಸುವ ಸಂಸಾರಿಯ ಮಾತಿನಂತೆ ಕೇಳುವ ಈ ವಾಕ್ಯದಲ್ಲಿ ಅರ್ಥ ಹೇಳುವ ಭಾಗ ಕೊನೆಯ ಪದವೊಂದೇ.