ಉತ್ತರ ಗೊತ್ತು, ಬಾಯಿಗೆ ಬರುವುದಿಲ್ಲ

ಹೊರಕೆರೆದೇವಪುರದ ಸರ್ಕಾರಿ ಶಾಲೆಯಲ್ಲಿ ಓದಿ, ಚಿತ್ರದುರ್ಗದಲ್ಲಿ ಡಿಗ್ರಿ ಮುಗಿಸಿ, ಬೆಂಗಳೂರಿನ ಕಂಪನಿಯೊಂದಕ್ಕೆ ಇಂಟರ್‌ವ್ಯೂಗೆ ಹೋದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಪ್ರಶ್ನೆ ಅವನಿಗೆ ಅರ್ಥವಾಗುತ್ತದೆ. ಉತ್ತರ ಬರೆದುಕೊಡು ಅಂದರೆ ದೊಡ್ಡ ತಪ್ಪಿಲ್ಲದೆ ಬರೆದಾನು. ಬಾಯಿ ತೆರೆದರೆ ಮಾತ್ರ ನಾಲ್ಕನೇ ಪದಕ್ಕೇ ತಡವರಿಕೆ. ಮನೆಯವರು ‘ಬೇಸಿಕ್ ಸರಿಯಿಲ್ಲ’ ಎಂದು ತೀರ್ಮಾನಿಸುತ್ತಾರೆ, ಅವನು ಇನ್ನೊಂದು ಗ್ರಾಮರ್ ಪುಸ್ತಕ ಕೊಳ್ಳುತ್ತಾನೆ. ಗ್ರಾಮರ್ ಅವನಿಗೆ ಸಾಕಷ್ಟು ಗೊತ್ತಿದೆ. ಸಾಲದೆ ಬಂದದ್ದು ಸಮಯ.

ಎಷ್ಟು ಸಮಯ ಎಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಬೇರೆಬೇರೆ ಖಂಡಗಳ ಹತ್ತು ಭಾಷೆಗಳ ಸಂಭಾಷಣೆ ರೆಕಾರ್ಡ್ ಮಾಡಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವನ್ನು ಲೆಕ್ಕ ಹಾಕಿದರು. ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಇತ್ತ, ಒಂದು ಚಿತ್ರ ನೋಡಿ ಅದರ ಹೆಸರನ್ನು ಹೇಳಲು ತಾಯಿನುಡಿಯಲ್ಲೇ ಸುಮಾರು 600 ಮಿಲಿಸೆಕೆಂಡು ಬೇಕು. ಒಂದು ಪದಕ್ಕೇ ಅಷ್ಟು ಬೇಕಾದರೆ ಇಡೀ ವಾಕ್ಯ 200ರಲ್ಲಿ ಹೊರಡುವುದು ಹೇಗೆ? ಎದುರಿನವರ ಮಾತು ಮುಗಿಯುವ ಮೊದಲೇ ನಾವು ಉತ್ತರ ಕಟ್ಟಲು ಶುರುಮಾಡಿರುತ್ತೇವೆ. ಕನ್ನಡ ಕೇಳಿಸಿಕೊಳ್ಳುವುದು ನಮಗೆ ಅಷ್ಟು ಹಗುರ, ಹಾಗಾಗಿ ಮಿದುಳಿಗೆ ಪುರಸೊತ್ತು ಇರುತ್ತದೆ.

ಇಂಗ್ಲಿಷಿನಲ್ಲಿ ಆ ಪುರಸೊತ್ತೆಲ್ಲ ಕೇಳಿಸಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ಆಮೇಲೆ ಕನ್ನಡದಲ್ಲಿ ವಾಕ್ಯ ಹೊಳೆಯುತ್ತದೆ, ಅದನ್ನು ತಿರುವಿಹಾಕಬೇಕು: ಕೊನೆಯಲ್ಲಿದ್ದ ಕ್ರಿಯಾಪದವನ್ನು ನಡುವಿಗೆ ಎಳೆದು ತರಬೇಕು, ನಾಮಪದದ ಹಿಂದೆ ಅಂಟಿದ ‘ಅಲ್ಲಿ’, ‘ಇಂದ’ಗಳನ್ನು ಕಿತ್ತು ಮುಂದಕ್ಕೆ ಇಡಬೇಕು. ಅಷ್ಟರಲ್ಲಿ ಎರಡು ಸೆಕೆಂಡು ಸರಿದಿರುತ್ತದೆ. ಎದುರಿಗೆ ಕೂತವರಿಗೆ ಆ ಮೌನ ಕಾಣಿಸುವುದು ದಡ್ಡತನವಾಗಿ. ಇದು ಅನ್ಯಾಯ, ಆದರೆ ಇಂಟರ್‌ವ್ಯೂ ನಡೆಯುವುದೇ ಹಾಗೆ.

ನಿಯಮ ನೆನಪಿರುವುದು ಬೇರೆ, ನಿಯಮ ಬಳಕೆಗೆ ಇಳಿಯುವುದು ಬೇರೆ. ಮಿದುಳಿನಲ್ಲಿ ಇವೆರಡಕ್ಕೂ ಆಧಾರವಾಗಿರುವ ನೆನಪಿನ ವ್ಯವಸ್ಥೆಗಳು ಬಹುಮಟ್ಟಿಗೆ ಬೇರೆಬೇರೆ ಎಂಬುದು ಮೈಕೆಲ್ ಉಲ್ಮನ್ ಅವರಂಥ ನರವಿಜ್ಞಾನಿಗಳ ವಾದ. ಅಡಿಕೆ ಸುಲಿಯುವವರನ್ನು ಕೇಳಿ ನೋಡಿ: ಬೆರಳು ಎಲ್ಲಿಟ್ಟಿರಿ ಅಂದರೆ ಹೇಳಲಾರರು, ಕೈ ಮಾತ್ರ ನಿಲ್ಲುವುದಿಲ್ಲ. ನಮ್ಮ ಹುಡುಗನ ಇಂಗ್ಲಿಷ್ ಇದಕ್ಕೆ ತದ್ವಿರುದ್ಧ.

ಈ ಗಂಟನ್ನು ಬಿಡಿಸಲು ಹೊರಟ ಪ್ರಯೋಗವೊಂದು ನಮ್ಮಲ್ಲೇ ನಡೆದಿತ್ತು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ, ಸಾಮಾನ್ಯ ಮಕ್ಕಳಿರುವ ದೊಡ್ಡ ತರಗತಿಗಳಲ್ಲಿ, ವ್ಯಾಕರಣ ಪಾಠವನ್ನೇ ಕೈಬಿಟ್ಟರು. ಭಾಷಾಬೋಧನೆಯ ಲೋಕದಲ್ಲಿ ಇದಕ್ಕೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣದ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಯಂಥವು ಬಂದವು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದವನು ಸಂಜೆಯೊಳಗೆ ಬೆಂಗಳೂರು ಸೇರಲು ಯಾವ ಗಾಡಿ ಹಿಡಿಯಬೇಕು ಎಂಬಂಥ ಲೆಕ್ಕಗಳು, ಎಲ್ಲ ಇಂಗ್ಲಿಷಿನಲ್ಲಿ. ಮೊದಲು ಮೇಷ್ಟರು ಇಡೀ ತರಗತಿಯೊಡನೆ ಒಂದು ಲೆಕ್ಕ ಬಿಡಿಸುತ್ತಿದ್ದರು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಅಂಕ ಸಿಗುತ್ತಿದ್ದುದು ಸರಿಯಾದ ಗಾಡಿ ಹುಡುಕಿದ್ದಕ್ಕೆ. ಭಾಷೆಯ ತಪ್ಪನ್ನು ಮೇಷ್ಟರು ಮಾತಿನ ನಡುವೆಯೇ ತಿದ್ದಿ ಮುಂದೆ ಹೋಗುತ್ತಿದ್ದರು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಒಳಗೆ ಕಟ್ಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1985ರಲ್ಲಿ ಬೆರೆಟಾ ಮತ್ತು ಡೇವಿಸ್ ಎಂಬ ಸಂಶೋಧಕರು ಮೌಲ್ಯಮಾಪನ ಪ್ರಕಟಿಸಿದರು: ಪ್ರಭು ಅವರ ತರಗತಿಗಳ ಮಕ್ಕಳು, ಎಂದಿನ ರೀತಿಯಲ್ಲಿ ಕಲಿತ ಮಕ್ಕಳು, ಇಬ್ಬರೂ ತಂತಮಗೆ ಕಲಿಸಿದ ರೀತಿಗೆ ಹೊಂದುವ ಪರೀಕ್ಷೆಯಲ್ಲಿ ಮುಂದಿದ್ದರು, ಯಾವ ಕಡೆಗೂ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಭು ಅವರ ಮಕ್ಕಳದೇ ಮೇಲುಗೈ. ತರಗತಿಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲವಾದ್ದರಿಂದ ಇದನ್ನು ಕೊನೆಯ ಮಾತು ಎನ್ನಲಾಗದು. ಆದರೂ ಮೊದಲನೇ ಫಲಿತಾಂಶವೇ ನನಗೆ ದೊಡ್ಡದಾಗಿ ಕಾಣುತ್ತದೆ: ಯಾವುದನ್ನು ಅಭ್ಯಾಸ ಮಾಡಿದೆವೋ ಅದೇ ಬರುತ್ತದೆ. ಬಿಟ್ಟ ಸ್ಥಳ ತುಂಬಿ ಬೆಳೆದವನಿಗೆ ಬಿಟ್ಟ ಸ್ಥಳ ತುಂಬುವುದು ಬರುತ್ತದೆ.

ಭೀಮಸಮುದ್ರದ ಅಡಿಕೆ ಮಾರುಕಟ್ಟೆಯಲ್ಲಿ ಉತ್ತರ ಭಾರತದ ಖರೀದಿದಾರರೊಡನೆ ಹಿಂದಿಯಲ್ಲಿ ದರ ಕುದುರಿಸುವ ವ್ಯಾಪಾರಿಗೆ ಹಿಂದಿ ವ್ಯಾಕರಣದ ಗೋಜಿಲ್ಲ. ಅದೇ ಹತ್ತಿಪ್ಪತ್ತು ವಾಕ್ಯಗಳು ದಿನವೂ ನಾಲಿಗೆಯ ಮೇಲೆ ಓಡಾಡಿ ಸಲೀಸಾಗಿರುತ್ತವೆ.

ಇದನ್ನೇ ಮನೆಯಲ್ಲಿ ಮಾಡಿಕೊಳ್ಳಲು ‘4/3/2’ ಎಂಬ ಪದ್ಧತಿಯಿದೆ. ಒಂದೇ ವಿಷಯವನ್ನು ಮೊದಲು ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳುವುದು. ಕೇಳುಗರು ಸಿಗದಿದ್ದರೆ ಮೊಬೈಲಿನ ರೆಕಾರ್ಡರ್ ಸಾಕು. ನೀವು ಮಾರುವ ಪಂಪ್‌ಸೆಟ್ಟಿನ ಗುಣ, ಗಿರಾಕಿ ಬಾಕಿ ಉಳಿಸಿಕೊಂಡ ಹಣದ ವಿಚಾರ, ಏನಾದರೂ ಆದೀತು. 2011ರಲ್ಲಿ ನೆಲ್ ಡಿ ಯಾಂಗ್ ಮತ್ತು ಚಾರ್ಲ್ಸ್ ಪರ್ಫೆಟ್ಟಿ ಇದನ್ನು ಪರೀಕ್ಷಿಸಿದರು. ಒಂದೇ ವಿಷಯವನ್ನು ಮತ್ತೆಮತ್ತೆ ಹೇಳಿದವರ ಸರಾಗತೆ ವಾರಗಳ ನಂತರವೂ ಉಳಿದಿತ್ತು, ಹೊಸ ವಿಷಯಕ್ಕೂ ಹರಡಿತ್ತು. ಪ್ರತಿ ಸುತ್ತಿಗೂ ವಿಷಯ ಬದಲಿಸಿದವರಲ್ಲಿ ಹಾಗಾಗಲಿಲ್ಲ. ಒಂದು ತೊಡಕುಂಟು: ಸಮಯದ ಒತ್ತಡದಲ್ಲಿ ಮೊದಲ ಸುತ್ತಿನ ತಪ್ಪುಗಳೂ ಹಾಗೆಹಾಗೇ ಮರುಕಳಿಸುತ್ತವೆ ಎಂದು ನಂತರದ ಅಧ್ಯಯನಗಳು ಕಂಡುಕೊಂಡಿವೆ. ಆದ್ದರಿಂದ ನಾಲ್ಕು ನಿಮಿಷದ ಸುತ್ತು ಮುಗಿದ ಕೂಡಲೇ ರೆಕಾರ್ಡಿಂಗ್ ಕೇಳಿ, ಗೊತ್ತಿರುವವರಿಂದ ಎರಡು ಮೂರು ತಪ್ಪು ತಿದ್ದಿಸಿಕೊಂಡು, ಆಮೇಲೆ ಮೂರಕ್ಕೆ ಇಳಿಯುವುದು ವಾಸಿ. ಆ ಗ್ರಾಮರ್ ಪುಸ್ತಕಕ್ಕೆ ಕೆಲಸ ಇರುವುದೂ ಅಲ್ಲಿಯೇ.